ಅಘನಾಶಿನಿಯ ಅಳಿವೆಯಿಂದ ಪ್ರವಾಸೋದ್ಯಮ ಸಚಿವರಿಗೆ ಒಂದು ಬಹಿರಂಗ ಪತ್ರ

ಮಾನ್ಯರೇ,

ಕುಮಟಾ ತಾಲ್ಲೂಕಿನಲ್ಲಿ ಅಘನಾಶಿನಿ ನದಿ ಸಮುದ್ರ ಸೇರುವ ಕಡೆ, ತೆಂಕು ದಡದ ಹಳ್ಳಿಯೊಂದರಲ್ಲಿ ನನ್ನ ಮನೆ. 2024-29ರ ಪ್ರವಾಸೋದ್ಯಮ ನೀತಿ ಪ್ರಕಟವಾದ ಮೇಲೆ ಕರಾವಳಿಯ ಕುರಿತು ರಾಜಧಾನಿಯಲ್ಲಿ ನಡೆಯುವ ಸಭೆಗಳ ವರದಿಗಳನ್ನು ಬಿಡದೆ ಓದುತ್ತಿದ್ದೇನೆ. ಯಾರು ಮಾತನಾಡಿದರೂ ಒಂದು ಧಾಟಿ ತಪ್ಪುವುದಿಲ್ಲ: ನಮಗೆ ಮುನ್ನೂರು ಕಿಲೋಮೀಟರಿಗೂ ಉದ್ದದ ಕಡಲತೀರವಿದೆ, ಅದು ಸುಮ್ಮನೆ ಬಿದ್ದಿದೆ, ಗೋವಾ ನೋಡಿ, ಕೇರಳ ನೋಡಿ. ಹಾಗೆ ಸುಮ್ಮನೆ ಬಿದ್ದಿರುವ ತೀರದ ನಿವಾಸಿಯಾಗಿ ಈ ಪತ್ರ ಬರೆಯುತ್ತಿದ್ದೇನೆ. ಲಕೋಟೆಯಲ್ಲಿ ಹಾಕಿ ಕಳಿಸದೆ ಬಹಿರಂಗವಾಗಿ ಬರೆಯುತ್ತಿರುವುದು ವಾರಾಂತ್ಯಕ್ಕೆ ಇಲ್ಲಿಗೆ ಬಂದು ಹೋಗುವವರೂ, ಇಲ್ಲೊಂದು ತುಂಡು ಜಾಗ ಸಿಗುತ್ತದೆಯೇ ಎಂದು ವಿಚಾರಿಸುತ್ತ ಓಡಾಡುವವರೂ ಓದಲಿ ಎಂದು.

ಮೊದಲು ಈ ಸುಮ್ಮನೆ ಬಿದ್ದಿರುವ ಮಾತು. ಅಮಾವಾಸ್ಯೆ ಅಥವಾ ಹುಣ್ಣಿಮೆಯ ಆಸುಪಾಸಿನಲ್ಲಿ, ನೀರು ಪೂರ್ತಿ ಇಳಿದ ಹೊತ್ತಿನಲ್ಲಿ ಅಳಿವೆಯ ದಂಡೆಗೆ ಬಂದು ನಿಲ್ಲಿ. ಭರತದಲ್ಲಿ ಕೆರೆಯಷ್ಟು ಅಗಲವಾಗಿ ತುಂಬಿದ್ದ ನೀರು ಹಿಂದೆ ಸರಿದು, ನಡುವೆ ಮರಳಿನ ದಿಬ್ಬಗಳು, ಕೆಸರಿನ ಹಾಸು ತೆರೆದುಕೊಂಡಿರುತ್ತವೆ. ದೂರದಿಂದ ನೋಡಿದವರಿಗೆ ಅಲ್ಲಿ ಯಾರೋ ನಾಲ್ಕು ಜನ ಬಗ್ಗಿ ಏನನ್ನೋ ಹುಡುಕುತ್ತಿರುವಂತೆ ಕಾಣಿಸುತ್ತದೆ. ಹತ್ತಿರ ಹೋದರೆ ಅದೊಂದು ದೊಡ್ಡ ಗುಂಪು. ಸೊಂಟಕ್ಕೆ ಬುಟ್ಟಿ ಕಟ್ಟಿಕೊಂಡ ಹೆಂಗಸರು ಕಾಲಿನಲ್ಲೇ ಮರಳು ತಡವಿ ಬಳಚು ಎಂಬ ಚಿಪ್ಪುಮೀನು ಹೆಕ್ಕುತ್ತಿರುತ್ತಾರೆ. ಗಂಡಸರು ಪಾತಿ ದೋಣಿ ನಿಲ್ಲಿಸಿಕೊಂಡು ಎದೆಮಟ್ಟದ ನೀರಿನಲ್ಲಿ ಮುಳುಗಿ ಏಳುತ್ತಿರುತ್ತಾರೆ. ಉಪ್ಪುನೀರಿನಲ್ಲಿ ಬೆಳೆಯುವ ಕಾಂಡ್ಲಾ ಗಿಡಗಳ ಬೇರಿನ ಸಂದಿಯಲ್ಲಿ ಏಡಿ ಹಿಡಿಯುವವರು ಬೇರೆ, ಬೀಸುಬಲೆಯವರು ಬೇರೆ. ಈ ಬಳಚು ಕುಮಟೆಯ ಮೀನುಪೇಟೆಗೂ ಹೋಗುತ್ತದೆ, ಗೋವಾದ ಹೋಟೆಲುಗಳಿಗೂ ಹೋಗುತ್ತದೆ. ನೀವು ಮಾದರಿ ಎಂದು ತೋರಿಸುವ ಗೋವಾದ ತಟ್ಟೆಯಲ್ಲಿ ನಮ್ಮ ಅಳಿವೆಯೂ ಇರುತ್ತದೆ ಎಂಬುದು ನಿಮಗೆ ಯಾರಾದರೂ ಹೇಳಿದ್ದಾರೋ ಇಲ್ಲವೋ ಗೊತ್ತಿಲ್ಲ.

ಇಳಿತದ ಹೊತ್ತು ದಿನದಿಂದ ದಿನಕ್ಕೆ ಸುಮಾರು ಐವತ್ತು ನಿಮಿಷ ಮುಂದಕ್ಕೆ ಜರುಗುತ್ತದೆ. ಆದ್ದರಿಂದ ಇಲ್ಲಿಯ ದುಡಿಮೆಗೆ ಕಚೇರಿಯ ವೇಳೆ ಒಗ್ಗುವುದಿಲ್ಲ. ಒಂದು ವಾರ ನಸುಕಿನಲ್ಲಿ ಕೆಲಸ, ಮುಂದಿನ ವಾರ ಮಧ್ಯಾಹ್ನ. ಸಮೀಕ್ಷೆಗೆ ಬರುವ ಅಧಿಕಾರಿಗಳು ಹನ್ನೊಂದು ಗಂಟೆಗೆ ಬಂದು, ದಂಡೆಯಲ್ಲಿ ಯಾರೂ ಇಲ್ಲದ್ದನ್ನು ಕಂಡು, ಖಾಲಿ ಜಾಗ ಎಂದು ಬರೆದುಕೊಂಡು ಹೋಗುತ್ತಾರೆ. ಆ ಹೊತ್ತಿಗೆ ನೀರು ತುಂಬಿ ಜನ ಮನೆಗೆ ಹೋಗಿ ಮಲಗಿರುತ್ತಾರೆ.

ಅಳಿವೆಯಿಂದ ಸ್ವಲ್ಪ ಒಳಗೆ ಬಂದರೆ ಗಜನಿ. ಉಪ್ಪುನೀರು ನುಗ್ಗುವ ಈ ತಗ್ಗುಭೂಮಿಯಲ್ಲಿ ಬೇರೆ ಭತ್ತ ಬದುಕುವುದು ಕಷ್ಟ, ಕಗ್ಗ ಎಂಬ ತಳಿ ಬದುಕುತ್ತದೆ. ಉಪ್ಪನ್ನೂ ತಡೆಯುತ್ತದೆ, ನೆರೆಯಲ್ಲಿ ದಿನಗಟ್ಟಲೆ ಮುಳುಗಿದರೂ ಏಳುತ್ತದೆ. ಮೊದಲ ಮಳೆ ಉಪ್ಪನ್ನು ತೊಳೆದ ಮೇಲೆ ಮೊಳಕೆ ಬರಿಸಿದ ಬೀಜ ಚೆಲ್ಲುತ್ತಾರೆ. ಗೊಬ್ಬರವಿಲ್ಲ, ಔಷಧವಿಲ್ಲ, ನದಿ ಹೊತ್ತು ತರುವ ಮೆಕ್ಕಲೇ ಸಾಕು. ದೀಪಾವಳಿಯ ಹೊತ್ತಿಗೆ ತೆನೆಯನ್ನಷ್ಟೇ ಕೊಯ್ದು ಹುಲ್ಲನ್ನು ಗದ್ದೆಯಲ್ಲೇ ಬಿಡುತ್ತಾರೆ. ಆಮೇಲೆ ಒಡ್ಡಿನ ತೂಬು ತೆಗೆದರೆ ಭರತದ ನೀರಿನ ಜೊತೆ ಸಿಗಡಿಯ ಮರಿ, ಮೀನಿನ ಮರಿ ಒಳಗೆ ಬರುತ್ತವೆ, ಕೊಳೆಯುವ ಹುಲ್ಲಿನಲ್ಲಿ ಬೆಳೆಯುತ್ತವೆ. ಅದೇ ಗದ್ದೆ ಬೇಸಿಗೆಯಲ್ಲಿ ಮೀನು ಕೊಡುತ್ತದೆ. ಹಕ್ಕಿಗಳು ತಮ್ಮ ಪಾಲನ್ನು ಕೇಳದೆಯೇ ತೆಗೆದುಕೊಳ್ಳುತ್ತವೆ. ಕೆಂಪು ಅಕ್ಕಿಯ ಆ ಗಂಜಿಯನ್ನು ಮಾವಿನಮಿಡಿ ಉಪ್ಪಿನಕಾಯಿಯ ಜೊತೆ ಉಂಡವರಿಗೆ ಇದರ ಬಗ್ಗೆ ಹೆಚ್ಚು ಹೇಳಬೇಕಾಗಿಲ್ಲ.

ಈ ಗಜನಿಗೆ ಆದದ್ದನ್ನೂ ಹೇಳಬೇಕು, ಏಕೆಂದರೆ ಅದು ನಿಮ್ಮ ಯೋಜನೆಗಳಿಗೆ ನೇರವಾಗಿ ಸಂಬಂಧಿಸಿದ್ದು. ಮೊದಲು ಊರವರೇ ಮಣ್ಣು, ಕಲ್ಲು, ಕಾಂಡ್ಲಾ ಗಿಡಗಳ ಆಸರೆಯಿಂದ ಒಡ್ಡು ಕಟ್ಟಿಕೊಳ್ಳುತ್ತಿದ್ದರು, ವರ್ಷಕ್ಕೊಮ್ಮೆ ಕೂಡಿ ರಿಪೇರಿ ಮಾಡುತ್ತಿದ್ದರು. ಆಮೇಲೆ ಸರ್ಕಾರ ಉಪ್ಪುನೀರು ತಡೆಯುವ ಖಾರ್‌ಲ್ಯಾಂಡ್ ಯೋಜನೆಯಡಿ ಗಟ್ಟಿ ಒಡ್ಡು ಕಟ್ಟಿಸಿತು. ಒಡ್ಡು ಸರ್ಕಾರದ್ದಾಯಿತು, ರಿಪೇರಿಯ ಹೊಣೆ ಯಾರದೂ ಆಗಲಿಲ್ಲ. ತೊಂಬತ್ತರ ದಶಕದಲ್ಲಿ ಸಿಗಡಿ ಕೃಷಿಯ ಹುಚ್ಚು ಬಂತು. ವರ್ಷಪೂರ್ತಿ ಉಪ್ಪುನೀರು ನಿಲ್ಲಿಸಿದರು, ಭತ್ತ ಹೋಯಿತು. ರೋಗ ಬಂದಾಗ ಸಿಗಡಿಯೂ ಹೋಯಿತು. ಇಂದು ಒಡ್ಡು ಒಡೆದು ಹಾಳುಬಿದ್ದ ಗಜನಿಗಳು ಎಷ್ಟೋ. ಮಾಣಿಕಟ್ಟೆಯಂಥ ಕಡೆ ಒಂದಿಷ್ಟು ರೈತರು ಒಟ್ಟಾಗಿ ಕಗ್ಗವನ್ನು ಉಳಿಸಿಕೊಂಡಿದ್ದಾರೆ. ಬೇಗ ದುಡ್ಡು ಬರುವ ಒಂದೇ ಬೆಳೆಗೆ ಇಡೀ ನೀರನ್ನು ಒಪ್ಪಿಸಿದರೆ ಏನಾಗುತ್ತದೆ ಎಂಬುದನ್ನು ಈ ದಡ ಒಮ್ಮೆ ನೋಡಿದೆ. ಪ್ರವಾಸಿ ಎಂಬುದೂ ಅಂಥದೇ ಬೆಳೆಯಾಗದಿರಲಿ ಎಂಬುದು ನನ್ನ ಕೋರಿಕೆಯ ತಿರುಳು.

ಆಚೆ ದಡದ ಸಾಣಿಕಟ್ಟೆಯಲ್ಲಿ ಉಪ್ಪಿನ ಆಗರಗಳಿವೆ. ಬೇಸಿಗೆಯಲ್ಲಿ ಗೋಕರ್ಣಕ್ಕೆ ಹೋಗುವವರು ಕಾರಿನ ಕಿಟಕಿಯಿಂದಲೇ ಬಿಳಿ ರಾಶಿಗಳ ಚಿತ್ರ ತೆಗೆದುಕೊಂಡು ಹೋಗುತ್ತಾರೆ. 1930ರಲ್ಲಿ ಅಂಕೋಲೆಯಲ್ಲಿ ಉಪ್ಪಿನ ಸತ್ಯಾಗ್ರಹ ನಡೆದ ಸೀಮೆ ಇದು. ಇಲ್ಲಿ ಉಪ್ಪೆಂದರೆ ಕೂಲಿಯ ಲೆಕ್ಕವೂ ಹೌದು, ಅಭಿಮಾನವೂ ಹೌದು.

2024ರ ಜನವರಿಯಲ್ಲಿ ಅಘನಾಶಿನಿಯ ಅಳಿವೆಗೆ, ಜೌಗುಭೂಮಿಗಳನ್ನು ಕಾಪಾಡುವ ಅಂತರರಾಷ್ಟ್ರೀಯ ಒಪ್ಪಂದವಾದ ರಾಮ್ಸರ್ ಮಾನ್ಯತೆ ಸಿಕ್ಕಿತು. ಮಾಗಡಿ ಕೆರೆ, ಅಂಕಸಮುದ್ರದ ಜೊತೆಗೆ ಬಂದ ಆ ಸುದ್ದಿಗೆ ಪತ್ರಿಕೆಗಳಲ್ಲಿ ಒಳ್ಳೆಯ ಜಾಗವೂ ಸಿಕ್ಕಿತು. ಶಿರಸಿಯ ಸೀಮೆಯಲ್ಲಿ ಹುಟ್ಟಿ, ಉಂಚಳ್ಳಿಯಲ್ಲಿ 116 ಮೀಟರ್ ಧುಮುಕಿ, ಎಲ್ಲೂ ಅಣೆಕಟ್ಟು ಕಟ್ಟಿಸಿಕೊಳ್ಳದೆ ಕಡಲು ಸೇರುವ ನದಿಗೆ ಈ ಗೌರವ ನ್ಯಾಯವಾದದ್ದೇ. ಆದರೆ ರಾಮ್ಸರ್ ಒಪ್ಪಂದ ಹೇಳುವುದು ಜಾಗವನ್ನು ಬೇಲಿ ಹಾಕಿ ಇಡಿ ಎಂದಲ್ಲ, ವಿವೇಕದಿಂದ ಬಳಸಿ ಎಂದು. ಬಳಚು ಹೆಕ್ಕುವವರು, ಗಜನಿಯ ರೈತರು ಅದನ್ನು ಒಪ್ಪಂದ ಹುಟ್ಟುವ ಮೊದಲಿನಿಂದ ಮಾಡುತ್ತಿದ್ದಾರೆ. ಮಾನ್ಯತೆ ಬಂದದ್ದರಿಂದ ಅವರ ಬದುಕಿನಲ್ಲಿ ಏನು ಬದಲಾಯಿತು ಎಂದು ಕೇಳಿದರೆ, ಚಿತ್ರ ತೆಗೆಯುವವರು ಹೆಚ್ಚು ಬರುತ್ತಿದ್ದಾರೆ ಎನ್ನುತ್ತಾರೆ.

ಹಾಗೆಂದು ಯಾರೂ ಇಲ್ಲಿಗೆ ಬರಬಾರದು ಎಂದು ನಾನು ಬರೆಯುತ್ತಿಲ್ಲ. ಬರುವವರು ಏಕೆ ಬರುತ್ತಾರೆ ಎಂಬುದು ನನಗೆ ಚೆನ್ನಾಗಿ ಗೊತ್ತು, ನಾನು ಇಲ್ಲಿ ಉಳಿದಿರುವುದೂ ಅದೇ ಕಾರಣಗಳಿಗೆ. ಕುಮಟೆಯಿಂದ ಗೋಕರ್ಣದವರೆಗೆ ತೀರ ಹಿಡಿದು ನಡೆಯುವ ತರುಣರ ಗುಂಪುಗಳನ್ನು ಚಳಿಗಾಲದ ಉದ್ದಕ್ಕೂ ನೋಡುತ್ತೇನೆ. ವನ್ನಳ್ಳಿ, ಕಡ್ಲೆ, ಬಾಡ, ಕಾಗಾಲ ದಾಟಿ, ಗುಡ್ಡ ಹತ್ತಿ ಇಳಿದು, ಅಘನಾಶಿನಿಯಲ್ಲಿ ತಾರಿ, ಅಂದರೆ ನದಿ ದಾಟಿಸುವ ದೋಣಿ, ಹತ್ತಿ ತದಡಿಗೆ ಹೋಗಿ, ಅಲ್ಲಿಂದ ಬೇಲೆಕಾನ, ಓಂ, ಕುಡ್ಲೆ. ಒಂದು ಕಡೆ ಚಿರೇಕಲ್ಲಿನ ಗುಡ್ಡ, ಇನ್ನೊಂದು ಕಡೆ ಕಡಲು, ನಡುವೆ ನಡೆಯುವವರ ಹೆಜ್ಜೆಗಷ್ಟೇ ಜಾಗ. ಮಂಗಳೂರಿನ ಕಡೆಯಿಂದ ಬಂದವರೂ ನಮ್ಮ ಕರಾವಳಿ ಇಷ್ಟು ಬಗೆಯದು ಎಂದು ಆಶ್ಚರ್ಯಪಡುವುದನ್ನು ಕೇಳಿದ್ದೇನೆ.

ಬರುವವರು ನೋಡದೆ ಹೋಗುವ ತಿಂಗಳುಗಳು ಇದಕ್ಕಿಂತ ಚೆನ್ನ. ಜೂನ್ ಒಂದರಿಂದ ಅರವತ್ತೊಂದು ದಿನ ಯಾಂತ್ರಿಕ ದೋಣಿಗಳ ಮೀನುಗಾರಿಕೆಗೆ ನಿಷೇಧ. ತದಡಿಯ ಬಂದರಿನಲ್ಲಿ ದೋಣಿಗಳು ಹೆಗಲಿಗೆ ಹೆಗಲು ತಾಗಿಸಿ ನಿಂತಿರುತ್ತವೆ, ಬಲೆ ಹೆಣೆಯುವವರು ಶೆಡ್ಡಿನಡಿ ಕೂತು ಊರಿನ ಎಲ್ಲ ಜಗಳಗಳನ್ನೂ ಇತ್ಯರ್ಥ ಮಾಡುತ್ತಿರುತ್ತಾರೆ. ಕಡಲು ಕಂದು ಬಣ್ಣಕ್ಕೆ ತಿರುಗಿ ರಾತ್ರಿಯೆಲ್ಲ ಮೊರೆಯುತ್ತದೆ. ಶಾಂತ ಎಂದು ನಂಬಿ ಬಂದವರು ಆ ಮೊರೆತಕ್ಕೆ ನಿದ್ದೆಯಿಲ್ಲದೆ ಎದ್ದು ಕೂರುತ್ತಾರೆ. ನಮಗೆ ಅದು ನಿಂತರೆ ಎಚ್ಚರವಾಗುತ್ತದೆ. ಮಳೆ ಹೊಳವಾದ ಸಂಜೆ ಒಣಗಿಸಿಟ್ಟ ಸಿಗಡಿಯ ಚಟ್ನಿ, ಮುರುಗಲ ಕಡಿ, ಬಿಸಿ ಗಂಜಿ. ಸುಗ್ಗಿಯ ಕಾಲಕ್ಕೆ ಹಾಲಕ್ಕಿಗಳ ತುರಾಯಿ ಕಟ್ಟಿದ ಕುಣಿತ, ಬೇಸಿಗೆಯಲ್ಲಿ ಬಂಡಿಹಬ್ಬ, ಅದರ ಮೊದಲು ಮತ್ತು ನಂತರ ಯಾರದೋ ಹರಕೆಯ ಯಕ್ಷಗಾನ. ಬೆಳಗಿನ ಜಾವದವರೆಗೆ ಚೆಂಡೆ ಬಾರಿಸುವ ಊರನ್ನು ನಿಶ್ಶಬ್ದ ಎಂದು ಕರಪತ್ರದಲ್ಲಿ ಅಚ್ಚು ಹಾಕುವುದು ನಿಜಕ್ಕೂ ಧೈರ್ಯದ ಕೆಲಸ.

ಇಲ್ಲಿಯ ನೆಮ್ಮದಿಗೆ ಮೂಲವೇನು ಎಂದು ಕೇಳಿದರೆ ನನ್ನ ಉತ್ತರ ಹೀಗೆ. ಊರಿನ ಬಹುಪಾಲು ಜನ ತಮ್ಮ ಹೊಟ್ಟೆಪಾಡಿಗೆ ನಡೆದುಹೋಗುವ ದೂರದಲ್ಲೇ ಏನಾದರೂ ಪಡೆಯುತ್ತಾರೆ. ನದಿ, ಗಜನಿ, ಬೇಲೆ ಎನ್ನುವ ಕಡಲದಂಡೆ, ಬ್ಯಾಣ ಎನ್ನುವ ಗುಡ್ಡದ ಹುಲ್ಲುಗಾವಲು, ಎಲ್ಲವೂ ಎಲ್ಲರ ಕಾಲಿಗೆ ತೆರೆದಿವೆ. ಹೀಗಿರುವುದರಿಂದ ಅವಸರವಿಲ್ಲ, ಅವಸರವಿಲ್ಲದ್ದರಿಂದ ಗದ್ದಲವಿಲ್ಲ. ಆ ಕಾಲುದಾರಿ ಮುಚ್ಚಿದ ದಿನ ಎರಡೂ ಹೋಗುತ್ತವೆ. ಆಮೇಲೆ ಉಳಿಯುವುದು ಗೋಡೆಯೊಳಗಿನ ಹುಲ್ಲುಹಾಸು ಮತ್ತು ಅದಕ್ಕೆ ನೀರು ಬಿಡಲು ದಿನಗೂಲಿಗೆ ಬರುವ, ನಿನ್ನೆ ಮೀನು ಹಿಡಿಯುತ್ತಿದ್ದ ಮನುಷ್ಯ.

ದಾರಿ ಮುಚ್ಚುವುದು ಈಗಾಗಲೇ ಶುರುವಾಗಿದೆ. ಸಮುದ್ರ ಕಾಣುವ ನಿವೇಶನ ಎಂಬ ಫಲಕಗಳು ಗುಡ್ಡದ ಮೇಲೆ ಎದ್ದಿವೆ. ಹೊರಗಿನಿಂದ ಬಂದವರು ಜಾಗ ಕೊಂಡರೆ ಮೊದಲು ಮಾಡುವ ಕೆಲಸ ಕಾಂಪೌಂಡ್. ಆ ಕಾಂಪೌಂಡಿನ ನಡುವೆ ಹಾದುಹೋಗುತ್ತಿದ್ದ, ಯಾವ ನಕ್ಷೆಯಲ್ಲೂ ಇಲ್ಲದ ಕಾಲುದಾರಿಯಲ್ಲಿ ಮೀನಿನ ಬುಟ್ಟಿ ಹೊತ್ತು ಹೋಗುತ್ತಿದ್ದ ಹೆಂಗಸು ಮರುದಿನದಿಂದ ಅರ್ಧ ಗಂಟೆ ಸುತ್ತಿ ಹೋಗಬೇಕು. ಕೊಂಡವರು ಕೆಟ್ಟವರೇನಲ್ಲ. ಹೆಚ್ಚಿನವರು ನಗರದ ಗಲಾಟೆಯಿಂದ ದಣಿದವರು, ನಮ್ಮ ಜೊತೆ ಪ್ರೀತಿಯಿಂದ ಮಾತನಾಡುವವರು. ಅವರಿಗೆ ಅಲ್ಲೊಂದು ದಾರಿ ಇತ್ತು ಎಂದು ಮಾರಿದವರು ಹೇಳಿರುವುದಿಲ್ಲ. ಇನ್ನು ಶಾಂತಿ ಹುಡುಕಿಕೊಂಡು ಬರುವವರು ಅಷ್ಟು ದೊಡ್ಡ ಸ್ಪೀಕರುಗಳನ್ನು ಹೊತ್ತು ತರುವುದೇಕೆ ಎಂಬುದು ನನ್ನ ಬುದ್ಧಿಗೆ ಮೀರಿದ ವಿಷಯ, ಅದನ್ನು ಇಲ್ಲಿಗೇ ಬಿಡುತ್ತೇನೆ.

ನಮ್ಮ ಊರನ್ನು ಸ್ವರ್ಗ ಎಂದು ಬರೆದು ಕಳಿಸುವ ಉದ್ದೇಶವೂ ನನಗಿಲ್ಲ. ರಾತ್ರಿ ಎದೆನೋವು ಬಂದರೆ ಈ ಪ್ರಶಾಂತ ತೀರದ ಬೆಲೆ ಏನೆಂದು ತಿಳಿಯುತ್ತದೆ. ಹೃದಯ, ಮೆದುಳು, ದೊಡ್ಡ ಅಪಘಾತ, ಯಾವುದೇ ಆದರೂ ಮಣಿಪಾಲ, ಮಂಗಳೂರು, ಹುಬ್ಬಳ್ಳಿ ಅಥವಾ ಗೋವಾಕ್ಕೆ ಓಡಬೇಕು. 2022ರ ಜುಲೈನಲ್ಲಿ ಹೊನ್ನಾವರದಿಂದ ರೋಗಿಯನ್ನು ಕರೆದೊಯ್ಯುತ್ತಿದ್ದ ಆಂಬುಲೆನ್ಸ್ ಬೈಂದೂರು ಬಳಿಯ ಶಿರೂರು ಟೋಲ್‌ನಲ್ಲಿ ಅಪ್ಪಳಿಸಿ ಜೀವಗಳು ಹೋದ ಮೇಲೆ, ಜಿಲ್ಲೆಗೊಂದು ದೊಡ್ಡ ಆಸ್ಪತ್ರೆ ಬೇಕೆಂಬ ಕೂಗು ಜಿಲ್ಲೆಯ ಮನೆಮನೆಯಿಂದಲೂ ಎದ್ದಿತ್ತು. ಸಂಜೆಯ ಬಸ್ ತಪ್ಪಿದರೆ ಆಟೋಗೆ ದಿನದ ಗಳಿಕೆ ಕೊಡಬೇಕು. ಓದಿದ ಹುಡುಗರು ಗೋವಾಕ್ಕೋ ಬೆಂಗಳೂರಿಗೋ ಹೋಗುತ್ತಾರೆ, ಹಬ್ಬಕ್ಕೆ ಬರುತ್ತಾರೆ. ಈ ಊರು ಹೀಗೇ ಇರಲಿ ಎಂದು ನಗರದಲ್ಲಿ ಕುಳಿತು ಹಾರೈಸುವವರು ಇದಿಷ್ಟನ್ನೂ ಸೇರಿಸಿಯೇ ಹಾರೈಸಬೇಕು. ಪ್ರವಾಸಿಗರಿಂದ ಬರುವ ದುಡ್ಡಿನಲ್ಲಿ ಒಂದು ಹುಡುಗ ಊರಿನಲ್ಲೇ ಉಳಿಯುವಂತಾದರೆ ಅದಕ್ಕಿಂತ ಸಂತೋಷ ನನಗಿಲ್ಲ. ಎರಡು ಕೋಣೆ ಬಾಡಿಗೆಗೆ ಕೊಟ್ಟು ಮೀನೂಟ ಬಡಿಸುವ ಮನೆಗಳು ನಮ್ಮ ಸುತ್ತಮುತ್ತ ಇವೆ. ಅವುಗಳನ್ನು ನಡೆಸುವ ಹೆಂಗಸರ ಕೈಯಲ್ಲಿ ಮೊದಲ ಬಾರಿಗೆ ಸ್ವಂತ ದುಡ್ಡು ಓಡಾಡುತ್ತಿದೆ. ನಿಮ್ಮ ನೀತಿಯ ದೊಡ್ಡ ರಿಯಾಯಿತಿಗಳು ಇಂಥ ಮನೆಯ ಬಾಗಿಲಿಗೆ ಬರುವುದು ಹೇಗೆ ಎಂಬುದು ನನಗೆ ಕಾಣುತ್ತಿಲ್ಲ. ಅರ್ಜಿ ತುಂಬಲು ಲೆಕ್ಕಪರಿಶೋಧಕರನ್ನು ಇಟ್ಟುಕೊಳ್ಳಬಲ್ಲವರಿಗೆ ಅವು ಸಿಗುತ್ತವೆ.

ಸರ್ಕಾರದ ಬಗ್ಗೆ ನಮ್ಮ ಜನರಿಗೆ ಇರುವ ಅನುಮಾನ ಹಳೆಯದು. ಇದೇ ತದಡಿಯಲ್ಲಿ ನಾಲ್ಕು ಸಾವಿರ ಮೆಗಾವ್ಯಾಟ್‌ನ ಉಷ್ಣ ವಿದ್ಯುತ್ ಸ್ಥಾವರ ತರಲು ಹೊರಟಿದ್ದರು. ಜನ ಮತ್ತು ವಿಜ್ಞಾನಿಗಳು ಒಟ್ಟಿಗೆ ಎದ್ದು ನಿಂತದ್ದರಿಂದ ಅದು ಬಿದ್ದಿತು. ಆಮೇಲೆ ವಾಣಿಜ್ಯ ಬಂದರಿನ ಮಾತು ಬಂತು. ಅಂಕೋಲೆಯ ಕೇಣಿಯಲ್ಲಿ ಬಂದರು ಬೇಡವೆಂದು ಮೀನುಗಾರರು ಬೀದಿಗಿಳಿದಿದ್ದಾರೆ. ಹೊನ್ನಾವರದ ಕಾಸರಕೋಡನ್ನು ನೋಡಿ: 2020ರಲ್ಲಿ ನೀಲಿ ಬಾವುಟದ ಅಂತರರಾಷ್ಟ್ರೀಯ ಮಾನ್ಯತೆ ಪಡೆದ ರಾಜ್ಯದ ಎರಡು ಕಡಲತೀರಗಳಲ್ಲಿ ಒಂದು ಅಲ್ಲಿದೆ, ಇನ್ನೊಂದು ಪಡುಬಿದ್ರಿ. ಅದೇ ಕಾಸರಕೋಡಿನ ಟೊಂಕದಲ್ಲಿ ಆಮೆಗಳು ಮೊಟ್ಟೆಯಿಡುವ ಮರಳಿನ ಪಕ್ಕ ಖಾಸಗಿ ಬಂದರಿಗಾಗಿ ಪೊಲೀಸರ ಕಾವಲಿನಲ್ಲಿ ಕೆಲಸ ನಡೆಸಿದ್ದೂ ಇದೆ. ಒಂದೇ ಊರಿಗೆ ಒಂದು ಇಲಾಖೆ ಸ್ವಚ್ಛ ತೀರ ಎಂದು ಬಾವುಟ ಕಟ್ಟುತ್ತದೆ, ಇನ್ನೊಂದು ಇಲಾಖೆ ಲಾರಿ ತರುತ್ತದೆ. 2024ರ ಜುಲೈ 16ರಂದು ಅಂಕೋಲೆಯ ಶಿರೂರಿನಲ್ಲಿ ಹೆದ್ದಾರಿಯ ಮೇಲೆ ಗುಡ್ಡವೇ ಜಾರಿ ಚಹಾದಂಗಡಿ, ಲಾರಿ, ಮನುಷ್ಯರೆಲ್ಲ ಗಂಗಾವಳಿಯ ಪಾಲಾದದ್ದನ್ನು ರಾಜ್ಯ ಮರೆತಿರಬಹುದು. ಅಗಲ ರಸ್ತೆ ಬೇಕೆಂದು ಗುಡ್ಡದ ಬುಡ ಕಡಿಯುವುದನ್ನು ಕಂಡಾಗಲೆಲ್ಲ ನಮಗೆ ನೆನಪಾಗುತ್ತದೆ.

ಹಾಗಾದರೆ ಏನು ಮಾಡಬೇಕು ಎಂದು ನೀವು ಕೇಳುತ್ತೀರಿ, ಕೇಳಬೇಕು.

ಅಳಿವೆಯನ್ನು ಬಳಸುವವರ ಪಟ್ಟಿಯನ್ನು ಮೊದಲು ಮಾಡಿಸಿ. ಯಾರು ಎಲ್ಲಿ ಬಳಚು ಹೆಕ್ಕುತ್ತಾರೆ, ಯಾರ ದೋಣಿ ಎಲ್ಲಿ ನಿಲ್ಲುತ್ತದೆ, ಬಲೆ ಒಣಗಿಸುವ ಜಾಗ ಯಾವುದು, ಬೇಲೆಗೆ ಹೋಗುವ ಕಾಲುದಾರಿಗಳು ಎಲ್ಲೆಲ್ಲಿವೆ. ಪಂಚಾಯಿತಿಯ ಮೂಲಕ, ಇಳಿತದ ಹೊತ್ತಿನಲ್ಲಿ ಬಂದು, ಹೆಂಗಸರನ್ನೂ ಕೇಳಿ ಮಾಡಿಸಿ. ಆ ನಕ್ಷೆ ಸಿದ್ಧವಾಗುವ ಮೊದಲು ಯಾವ ರೆಸಾರ್ಟಿಗೂ ಜಲಕ್ರೀಡೆಗೂ ಅನುಮತಿ ಬೇಡ. ಕರಾವಳಿ ನಿಯಂತ್ರಣ ವಲಯದ 2019ರ ಅಧಿಸೂಚನೆ ಜನಸಾಂದ್ರತೆ ಹೆಚ್ಚಿರುವ ಹಳ್ಳಿಗಳಲ್ಲಿ ಕಟ್ಟಡ ನಿಷೇಧದ ಗೆರೆಯನ್ನು ಭರತದ ರೇಖೆಯಿಂದ 50 ಮೀಟರಿಗೆ ಇಳಿಸಿದೆ, ಉಳಿದ ಕಡೆ 200 ಮೀಟರ್ ಹಾಗೆಯೇ ಇದೆ. ಆ ಇನ್ನೂರು ಮೀಟರನ್ನೂ ಸಡಿಲಿಸಿ ಎಂದು ದೆಹಲಿಗೆ ಪತ್ರ ಬರೆಯುವವರ ಸಾಲಿನಲ್ಲಿ ದಯವಿಟ್ಟು ನೀವು ನಿಲ್ಲಬೇಡಿ. ಅಲ್ಲಿ ಮರಳಿದೆ, ಗಾಳಿಮರವಿದೆ, ದೋಣಿಯಿದೆ. ಕಡಲು ಏರಿ ಬಂದ ವರ್ಷ ನಮ್ಮ ಮನೆಗಳನ್ನು ಉಳಿಸುವುದು ಆ ಜಾಗವೇ. ಅಲ್ಲಿ ಕಟ್ಟಡ ಬಂದರೆ ಮುಂದಿನ ಮಳೆಗಾಲಕ್ಕೆ ಅದನ್ನು ಉಳಿಸಲು ಕಲ್ಲಿನ ತಡೆಗೋಡೆ ಬೇಕಾಗುತ್ತದೆ; ಒಂದು ಕಡೆ ಕಲ್ಲು ಸುರಿದರೆ ಪಕ್ಕದ ಊರಿನ ಮರಳು ಕೊಚ್ಚಿ ಹೋಗುತ್ತದೆ, ಅವರಿಗೂ ಗೋಡೆ ಬೇಕಾಗುತ್ತದೆ. ಉಳ್ಳಾಲ, ಮರವಂತೆಯ ಕಡೆಯವರನ್ನು ಕೇಳಿದರೆ ಕಲ್ಲು ಸುರಿದ ಲೆಕ್ಕ ಹೇಳುತ್ತಾರೆ.

ತಾರಿಯನ್ನು ನೋಡಿಕೊಳ್ಳಿ. ತದಡಿಗೂ ಅಘನಾಶಿನಿಗೂ ನಡುವೆ ಓಡಾಡುವ ಆ ದೋಣಿ ಇಲ್ಲದಿದ್ದರೆ ಮಿರ್ಜಾನ, ಕುಮಟೆ ಸುತ್ತಿ ಅರ್ಧ ದಿನ ಕಳೆಯಬೇಕು. ಶಾಲೆಯ ಮಕ್ಕಳು, ಮೀನಿನ ಬುಟ್ಟಿ, ಮೋಟರ್ ಬೈಕು, ಬೆನ್ನಿಗೆ ಚೀಲ ಏರಿಸಿದ ಚಾರಣಿಗರು, ಎಲ್ಲರೂ ಒಂದೇ ದೋಣಿಯಲ್ಲಿ ದಾಟುತ್ತಾರೆ. ಇಡೀ ತಾಲ್ಲೂಕಿನಲ್ಲಿ ಊರವರೂ ಪ್ರವಾಸಿಗರೂ ಸರಿಸಮನಾಗಿ ಕೂರುವ ಜಾಗ ಇದೊಂದೇ ಇರಬೇಕು. ಅದಕ್ಕೆ ನಂಬಬಹುದಾದ ವೇಳಾಪಟ್ಟಿ, ಎಲ್ಲರಿಗೂ ಜೀವರಕ್ಷಕ ಜಾಕೆಟ್, ಮಳೆಗೆ ನಿಲ್ಲಲು ಎರಡೂ ದಡದಲ್ಲಿ ಒಂದು ಸೂರು ಕೊಡಿ. ಇದಕ್ಕೆ ತಗಲುವ ಖರ್ಚು ನಿಮ್ಮ ಇಲಾಖೆಯ ಒಂದು ಕಡಲ ಉತ್ಸವದ ವೇದಿಕೆಯ ಖರ್ಚಿಗಿಂತ ಹೆಚ್ಚಾಗಲಾರದು.

ಜೀವರಕ್ಷಕರ ವಿಷಯ ಬೇರೆಯೇ ಹೇಳಬೇಕು. 2024ರ ಡಿಸೆಂಬರಿನಲ್ಲಿ ಮುರ್ಡೇಶ್ವರದಲ್ಲಿ ಶಾಲಾ ಪ್ರವಾಸಕ್ಕೆ ಬಂದ ನಾಲ್ವರು ಹುಡುಗಿಯರು ಮುಳುಗಿ ಸತ್ತರು. ಬಯಲುಸೀಮೆಯಿಂದ ಬರುವ ಮಕ್ಕಳಿಗೆ ಕಡಲಿನ ಹಿನ್ಸೆಳೆತ ಗೊತ್ತಿರುವುದಿಲ್ಲ. ಅಲೆ ತಗ್ಗಿದಂತೆ ಕಾಣುವ ಪಟ್ಟಿಯಲ್ಲೇ ನೀರು ಹೊರಕ್ಕೆ ಎಳೆಯುತ್ತದೆ. ಎಳೆತಕ್ಕೆ ಸಿಕ್ಕವರು ದಡದ ಕಡೆ ಹೋರಾಡದೆ ತೀರಕ್ಕೆ ಸಮನಾಗಿ ಈಜಿ ತಪ್ಪಿಸಿಕೊಳ್ಳಬೇಕು. ನಮ್ಮ ಮೀನುಗಾರರ ಮಕ್ಕಳಿಗೆ ಇದು ನಡೆಯಲು ಕಲಿಯುವ ವಯಸ್ಸಿನಲ್ಲೇ ಬಂದಿರುತ್ತದೆ. ಅವರನ್ನು ವರ್ಷಪೂರ್ತಿ ಸಂಬಳಕ್ಕೆ ಇಟ್ಟುಕೊಳ್ಳಿ, ಪ್ರವಾಸದ ತಿಂಗಳಿಗೆ ಮಾತ್ರ ಗುತ್ತಿಗೆ ಕೊಟ್ಟು ಕೈಬಿಡಬೇಡಿ. ಕಸ ಸಾಗಿಸಲು ಪಂಚಾಯಿತಿಗಳಿಗೆ ದುಡ್ಡು, ಶೌಚಾಲಯಕ್ಕೆ ನೀರು, ಇವುಗಳನ್ನೆಲ್ಲ ಯಾರಾದರೂ ಈಗಾಗಲೇ ನಿಮಗೆ ಬರೆದಿರುತ್ತಾರೆ.

ಗಜನಿಯ ಒಡ್ಡುಗಳಿಗೂ ಪ್ರವಾಸೋದ್ಯಮಕ್ಕೂ ಏನು ಸಂಬಂಧ ಎಂದು ನಿಮ್ಮ ಅಧಿಕಾರಿಗಳು ಕಡತವನ್ನು ಕೃಷಿ ಇಲಾಖೆಗೆ ಕಳಿಸಬಹುದು. ಹಕ್ಕಿ ನೋಡಲು ಬರುವವರು ನೋಡುವುದು ಒಡ್ಡು ಗಟ್ಟಿಯಿದ್ದ ಗಜನಿಯನ್ನೇ. ಅತಿಥಿಗೆ ಬಡಿಸುವ ಗಂಜಿ, ಸಿಗಡಿ ಎರಡೂ ಅಲ್ಲಿಂದಲೇ ಬರುತ್ತವೆ. ಒಡ್ಡಿನ ರಿಪೇರಿಗೆ ಪ್ರತಿವರ್ಷ ಒಂದು ನಿಶ್ಚಿತ ಮೊತ್ತ, ಅದನ್ನು ಖರ್ಚು ಮಾಡುವ ಅಧಿಕಾರ ಗಜನಿಯ ರೈತರ ಕೂಟಕ್ಕೆ. ಗುತ್ತಿಗೆದಾರರಿಗೆ ಕೊಟ್ಟರೆ ಮೊದಲ ಹುಣ್ಣಿಮೆಯ ಭರತಕ್ಕೆ ಒಡ್ಡು ಹೋಗುತ್ತದೆ, ಬಿಲ್ಲು ಮಾತ್ರ ಉಳಿಯುತ್ತದೆ.

ಜಾಗ ಕೊಳ್ಳಲು ಬರುವ ಗೆಳೆಯರೇ, ನಿಮಗೂ ಒಂದು ಮಾತು. ಬನ್ನಿ, ಆದರೆ ಮೊದಲು ಒಂದು ಮಳೆಗಾಲ ಇಲ್ಲಿ ಬಾಡಿಗೆಗೆ ಇದ್ದು ನೋಡಿ. ಮೂರು ಸಾವಿರ ಮಿಲಿಮೀಟರಿಗೂ ಮೀರಿ ಸುರಿಯುವ ಮಳೆಯಲ್ಲಿ ಬಟ್ಟೆ ಒಣಗದ, ಕರೆಂಟ್ ಇಲ್ಲದ, ಪುಸ್ತಕಗಳಿಗೆ ಬೂಸ್ಟು ಹತ್ತುವ ಆ ತಿಂಗಳುಗಳ ನಂತರವೂ ಆಸೆ ಉಳಿದಿದ್ದರೆ ಕೊಳ್ಳಿ. ಕೊಂಡರೆ ಕಾಲುದಾರಿಯನ್ನು ಬಿಟ್ಟು ಗೋಡೆ ಕಟ್ಟಿ. ಪಕ್ಕದ ಮನೆಯವರನ್ನು ಹಬ್ಬಕ್ಕೆ ಕರೆಯಿರಿ. ಅವರು ನಿಮ್ಮನ್ನು ಕರೆಯದೆ ಬಿಡುವುದಿಲ್ಲ.

ಸಚಿವರೇ, ನೀವೂ ಬನ್ನಿ. ದೀಪಾವಳಿಯ ಆಸುಪಾಸು, ಕಗ್ಗದ ಕೊಯ್ಲಿನ ಹೊತ್ತಿಗೆ ಬಂದರೆ ಒಳ್ಳೆಯದು. ಬೆಂಗಾವಲಿನ ಕಾರುಗಳನ್ನು ತದಡಿಯಲ್ಲೇ ಬಿಟ್ಟು ತಾರಿಯಲ್ಲಿ ದಾಟಿ. ಬರುವ ಮೊದಲು ನಿಮ್ಮ ಕರಾವಳಿ ಯೋಜನೆಯ ಕರಡನ್ನು ಕನ್ನಡದಲ್ಲಿ ಮುದ್ರಿಸಿ ತೀರದ ಎಲ್ಲ ಗ್ರಾಮ ಪಂಚಾಯಿತಿಗಳಿಗೂ ಕಳಿಸಿಕೊಡಿ. ಓದಿ ಚರ್ಚಿಸಲು ಒಂದು ತಿಂಗಳ ಸಮಯವಿರಲಿ. ಗ್ರಾಮಸಭೆಯನ್ನು ಇಳಿತದ ಹೊತ್ತಿಗೆ ಇಡಬೇಡಿ, ಜನ ಕೆಲಸದಲ್ಲಿರುತ್ತಾರೆ. ಭರತದ ಹೊತ್ತಿಗೆ ಇಟ್ಟರೆ ಎಲ್ಲರೂ ಬರುತ್ತಾರೆ. ಯಾವ ದಿನ ಎಷ್ಟು ಗಂಟೆಗೆ ಭರತ ಎಂಬುದನ್ನು ಮೀನುಗಾರಿಕೆ ಇಲಾಖೆಯವರು ಹೇಳುತ್ತಾರೆ, ಅವರಿಗೆ ಪುರುಸೊತ್ತಿಲ್ಲದಿದ್ದರೆ ನಾವೇ ಹೇಳುತ್ತೇವೆ.

ಇಂತಿ,
ಅಘನಾಶಿನಿಯ ತೆಂಕು ದಡದ ಒಬ್ಬ ನಿವಾಸಿ